9ನೇ ಕ್ಲಾಸಿನ ಹುಡುಗರ ಹೊಡೆದಾಟ ಠಾಣೆಗೆ ಹೋಗಿದೆ: ಎಫ್‌ಐಆರ್ ಆಗಲೇಬೇಕಾ? ಶಾಲೆ ಏನು ಮಾಡಬೇಕು?

ಜಗಳೂರು ಎಸ್‌ಡಿಎಂಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕಡೆಯಿಂದ ಕೇಳ್ತಾ ಇದ್ದೀನಿ. ಊರು, ಹೆಸರು ಬೇಡ, ವಿಷಯ ಇಷ್ಟು.

ಬಿಸಿಯೂಟದ ಸಾಲಿನಲ್ಲಿ 9ನೇ ತರಗತಿಯ ಇಬ್ಬರು ಹುಡುಗರಿಗೆ ನೂಕಾಟ ಆಗಿದೆ. ಇಬ್ಬರಿಗೂ 14 ವರ್ಷ. ಒಬ್ಬ ಜೇಬಿನಲ್ಲಿದ್ದ ಕೈವಾರ ತೆಗೆದು ಇನ್ನೊಬ್ಬನ ಮುಂಗೈಗೆ ಗೀರಿದ್ದಾನೆ. 4 ಹೊಲಿಗೆ ಬಿದ್ದಿವೆ, ಮೂಳೆಗೆ ನರಕ್ಕೆ ಏನೂ ಆಗಿಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದರು, ಅಲ್ಲಿಂದ ಠಾಣೆಗೆ ಸುದ್ದಿ ಹೋಯ್ತು. ಗಾಯವಾದ ಹುಡುಗನ ತಂದೆ ದೂರು ಬರೆದುಕೊಟ್ಟಿದ್ದಾರೆ. ‘ಆಯುಧದಿಂದ ಹಲ್ಲೆ ಆಗಿದೆ, ಎಫ್‌ಐಆರ್ ಹಾಕಲೇಬೇಕು, ಹುಡುಗನನ್ನು ಕರ್ಕೊಂಡು ಬನ್ನಿ’ ಅಂತ ಠಾಣೆಯಿಂದ ಹೆಡ್‌ಮಾಸ್ಟರಿಗೆ ಫೋನ್ ಬಂದಿದೆ.

ಶಾಲೆಯೊಳಗೇ ಮೂರು ಮಾತು ನಡೀತಿದೆ. ಇಬ್ಬರು ಮೇಷ್ಟ್ರು ‘ಶಾಲೆಯಿಂದಲೂ ಒಂದು ದೂರು ಕೊಡೋಣ, ಉಳಿದ ಹುಡುಗರಿಗೆ ಭಯ ಬರಲಿ’ ಅಂತಾರೆ. ಸಮಿತಿಯ ಒಬ್ಬ ಸದಸ್ಯರು ‘ಟಿಸಿ ಕೊಟ್ಟು ಕಳಿಸಿ, ತಲೆನೋವು ಮುಗೀತದೆ’ ಅಂತಾರೆ. ಹೆಡ್‌ಮಾಸ್ಟರು ಅವತ್ತೇ ಹುಡುಗನ ಕೈಯಲ್ಲಿ ತಪ್ಪೊಪ್ಪಿಗೆ ಪತ್ರ ಬರೆಸಿ ಫೈಲಿಗೆ ಹಾಕಿದ್ದಾರೆ. ಹುಡುಗನ ತಾಯಿ ಕೂಲಿ ಕೆಲಸಕ್ಕೆ ಹೋಗೋರು. ಜೈಲಿಗೆ ಹಾಕ್ತಾರಾ ಅಂತ ಮನೆ ಮನೆಗೆ ಕೇಳ್ಕೊಂಡು ಓಡಾಡ್ತಿದ್ದಾರೆ.

ಎಫ್‌ಐಆರ್ ಆಗುತ್ತದಾ, ಟಿಸಿ ಕೊಡಬಹುದಾ, ಆ ಪತ್ರವನ್ನು ಪೊಲೀಸರಿಗೆ ಕೊಡಬೇಕಾ? ಇಬ್ಬರು ಹುಡುಗರೂ ಓದು ಬಿಡದ ಹಾಗೆ ಇದನ್ನು ಹೇಗೆ ಮುಗಿಸೋದು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ದುರ್ಗದ ವಕೀಲ

ಮೊದಲು ಆ ತಾಯಿಗೆ ಹೇಳಿ: ಜೈಲೂ ಇಲ್ಲ, ಲಾಕಪ್ಪೂ ಇಲ್ಲ. 18 ತುಂಬದ ಮಗುವನ್ನು ಎರಡರಲ್ಲೂ ಇಡುವಂತಿಲ್ಲ ಅಂತ ಬಾಲನ್ಯಾಯ ಕಾಯ್ದೆ 2015ರ 10ನೇ ಕಲಂನಲ್ಲೇ ಇದೆ.

ಈಗ ಎಫ್‌ಐಆರ್ ವಿಚಾರ. ಬಾಲನ್ಯಾಯ ಮಾದರಿ ನಿಯಮಗಳು 2016, ನಿಯಮ 8 ತೆಗೆದು ನೋಡಿ. ಮಗುವಿನ ಮೇಲೆ ಎಫ್‌ಐಆರ್ ದಾಖಲಿಸಬಹುದಾದ ಸಂದರ್ಭ ಎರಡೇ. ಒಂದು, ಆರೋಪ ‘ಘೋರ ಅಪರಾಧ’ದ್ದಾಗಿರಬೇಕು, ಅಂದರೆ ಕಾನೂನು ಕನಿಷ್ಠ ಶಿಕ್ಷೆಯನ್ನೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಅಂತ ನಿಗದಿ ಮಾಡಿರಬೇಕು. ಎರಡು, ಆ ಕೃತ್ಯದಲ್ಲಿ ವಯಸ್ಕರೂ ಸೇರಿಕೊಂಡಿರಬೇಕು. ಇವೆರಡೂ ಅಲ್ಲದಿದ್ದರೆ ಪೊಲೀಸರು ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ, ಅಂದರೆ ಎಸ್‌ಎಚ್‌ಡಿಯಲ್ಲಿ, ಬರೆದುಕೊಂಡು ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿ ತಯಾರಿಸಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು.

ನಿಮ್ಮ ಪ್ರಕರಣಕ್ಕೆ ಬರೋಣ. ಕೈವಾರವನ್ನು ಆಯುಧ ಅಂತ ಹಿಡಿದರೂ ಭಾರತೀಯ ನ್ಯಾಯ ಸಂಹಿತೆಯ 118(1) ಆಗುತ್ತದೆ. ಅದಕ್ಕೆ ಗರಿಷ್ಠ 3 ವರ್ಷ ಅಥವಾ 20 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಗರಿಷ್ಠ ಶಿಕ್ಷೆ 3 ವರ್ಷ ದಾಟದಿದ್ದರೆ ಅದು ಸಣ್ಣ ಅಪರಾಧ. ಒಂದು ಹಲ್ಲು ಮುರಿದಿದ್ದರೆ, ಮೂಳೆ ಬಿರಿದಿದ್ದರೆ, ಇಲ್ಲವೇ ಹುಡುಗ 15 ದಿನ ತನ್ನ ದಿನನಿತ್ಯದ ಕೆಲಸ ಮಾಡಿಕೊಳ್ಳಲಾಗದೆ ಮಲಗಿದ್ದರೆ ‘ತೀವ್ರ ಗಾಯ’ ಆಗುತ್ತಿತ್ತು, ಆಯುಧದಿಂದ ಆದದ್ದು ಅಂತ ಹಿಡಿದರೆ 118(2) ಕೆಳಗೆ ಶಿಕ್ಷೆ ಕನಿಷ್ಠ 1 ವರ್ಷದಿಂದ 10 ವರ್ಷದವರೆಗೆ, ಇಲ್ಲವೇ ಜೀವಾವಧಿಗೆ ಏರುತ್ತಿತ್ತು. ಆಗಲೂ ಕನಿಷ್ಠ ಶಿಕ್ಷೆ 7 ವರ್ಷ ಅಲ್ಲದ್ದರಿಂದ ಅದು ಘೋರ ಅಪರಾಧದ ಸಾಲಿಗೆ ಬರುವುದಿಲ್ಲ.

ಠಾಣೆಯಲ್ಲಿ ಕೆಲವೊಮ್ಮೆ ‘ಹಾಗಾದರೆ ಕೊಲೆ ಯತ್ನ ಹಾಕ್ತೀವಿ’ ಅನ್ನುವುದುಂಟು. ಕೊಲೆ ಯತ್ನಕ್ಕೆ (109) ಗರಿಷ್ಠ ಶಿಕ್ಷೆ ದೊಡ್ಡದು, ಆದರೆ ಕನಿಷ್ಠ 7 ವರ್ಷ ಅಂತ ಎಲ್ಲೂ ಇಲ್ಲ. ಗರಿಷ್ಠ ಶಿಕ್ಷೆ 7 ವರ್ಷ ಮೀರಿದ್ದರೂ ಕನಿಷ್ಠ ನಿಗದಿಯಾಗಿಲ್ಲದ ಅಪರಾಧ ಘೋರ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿದೆ. 2021ರ ತಿದ್ದುಪಡಿಯಲ್ಲಿ ಸಂಸತ್ತೂ ಅದನ್ನೇ ಕಾಯ್ದೆಯೊಳಗೆ ಸೇರಿಸಿತು. ಹಾಗಾಗಿ ಕಲಂ ಬದಲಿಸಿದರೂ ಎಫ್‌ಐಆರ್‌ಗೆ ದಾರಿ ಇಲ್ಲ.

ಒಂದು ಎಚ್ಚರಿಕೆ. ಈ ಜಗಳಕ್ಕೆ ಯಾವ ಮನೆಯ ದೊಡ್ಡವರೂ ಇಳಿಯಬಾರದು. ಅಣ್ಣನೋ ಚಿಕ್ಕಪ್ಪನೋ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನನ್ನು ಅಡ್ಡಗಟ್ಟಿ, ಜೊತೆಗೆ ತಮ್ಮನೂ ಕೈ ಹಾಕಿದರೆ, ಅಲ್ಲಿ ವಯಸ್ಕ ಸೇರಿದ ಹಾಗಾಯಿತು. ಎರಡನೇ ವಿನಾಯಿತಿ ಅನ್ವಯಿಸಿ ಆ ತಮ್ಮನ ಮೇಲೂ ಎಫ್‌ಐಆರ್ ಬೀಳುತ್ತದೆ. ಶಾಲೆ ಜಗಳಗಳು ಕೈಮೀರುವುದು ಬಹುಪಾಲು ಹೀಗೇ, ಅದೂ ಸಂಜೆ ಶಾಲೆ ಬಿಟ್ಟ ಮೇಲೆ.

ಇನ್ನು ತಪ್ಪೊಪ್ಪಿಗೆ ಪತ್ರ. ಇದರ ಬಗ್ಗೆ ನಿಮ್ಮ ಹೆಡ್‌ಮಾಸ್ಟರ ಜೊತೆ ಕೂತು ಮಾತಾಡಿ. ಇಂಥ ಪತ್ರಗಳು ಹೇಗಿರುತ್ತವೆ ಅಂತ ಎಲ್ಲರಿಗೂ ಗೊತ್ತು: ‘ನಾನು ಬೇಕಂತಲೇ ಕೈವಾರದಿಂದ ಚುಚ್ಚಿರುತ್ತೇನೆ, ಇನ್ನು ಮುಂದೆ ಹೀಗೆ ಮಾಡಿದರೆ ಶಾಲೆಯವರು ಯಾವುದೇ ಕ್ರಮ ತೆಗೆದುಕೊಂಡರೂ ನನ್ನ ಅಭ್ಯಂತರ ಇರುವುದಿಲ್ಲ’. 14 ವರ್ಷದ ಹುಡುಗನ ಭಾಷೆ ಇದಲ್ಲ, ಯಾರೋ ಹೇಳಿ ಬರೆಸಿದ್ದು. ‘ಬೇಕಂತಲೇ’ ಅನ್ನುವ ಒಂದು ಪದ ತಳ್ಳಾಟದಲ್ಲಿ ಆದದ್ದನ್ನು ಉದ್ದೇಶಪೂರ್ವಕ ಹಲ್ಲೆ ಮಾಡಿಬಿಡುತ್ತದೆ. ತಂದೆ ತಾಯಿ ಎದುರಿಗಿಲ್ಲ, ಎರಡನೇ ಹುಡುಗ ಮೊದಲು ಏನು ಮಾಡಿದ ಅನ್ನುವುದೂ ಅದರಲ್ಲಿ ಇರುವುದಿಲ್ಲ. ಪೊಲೀಸರೇ ಮಗುವಿನಿಂದ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ, ತಪ್ಪು ಒಪ್ಪಿಕೋ ಅಂತ ಒತ್ತಾಯಿಸುವಂತಿಲ್ಲ ಅಂತ ಅದೇ ನಿಯಮ 8 ಹೇಳುವಾಗ, ಶಾಲೆ ಆ ಕೆಲಸ ಮಾಡಿ ಠಾಣೆಗೆ ಒಪ್ಪಿಸುವುದು ಸರಿಯಲ್ಲ. ಈಗ ಹರಿದು ಹಾಕಬೇಡಿ, ಅದು ಬೇರೆ ತೊಂದರೆಗೆ ದಾರಿ. ಲಕೋಟೆಯಲ್ಲಿಟ್ಟು ಹೆಡ್‌ಮಾಸ್ಟರ ಬೀರುವಿನಲ್ಲಿರಲಿ. ನೀವಾಗಿ ಯಾರಿಗೂ ಪ್ರತಿ ಕೊಡಬೇಡಿ. ಮಂಡಳಿ ಲಿಖಿತವಾಗಿ ಕೇಳಿದರೆ, ಯಾವ ಸನ್ನಿವೇಶದಲ್ಲಿ ಬರೆಸಿದ್ದು ಅನ್ನುವ ಟಿಪ್ಪಣಿ ಜೊತೆಗೆ ಸಲ್ಲಿಸಿ.

ಟಿಸಿ: 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಕಲಂ. 9ನೇ ತರಗತಿಗೆ ಆ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ವರ್ಷದ ನಡುವೆ ಟಿಸಿ ಹಿಡಿದು ಹೊರಟ ಹುಡುಗನನ್ನು ಪಕ್ಕದ ಶಾಲೆ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ, ಹಾಜರಾತಿ ತುಂಡಾಗುತ್ತದೆ, ಅಲ್ಲಿಗೆ ಓದು ನಿಂತ ಹಾಗೆ. ಟಿಸಿಯ ‘ನಡತೆ’ ಕಾಲಂನಲ್ಲಿ ಠಾಣೆ, ದೂರು, ಮಂಡಳಿ ಅಂತ ಒಂದಕ್ಷರವೂ ಬರಬಾರದು. ಮಂಡಳಿಯ ಮುಂದೆ ಹೋದ ಕಾರಣಕ್ಕೆ ಮಗುವಿಗೆ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು ಅನ್ನುತ್ತದೆ ಬಾಲನ್ಯಾಯ ಕಾಯ್ದೆಯ 24ನೇ ಕಲಂ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರೂ ಬಹಿರಂಗಪಡಿಸುವಂತಿಲ್ಲ.

ಮಂಡಳಿಯಲ್ಲಿ ಏನಾಗುತ್ತದೆ ಅಂತ ತಾಯಿಗೆ ಗೊತ್ತಿರಲಿ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠ, ಕಟಕಟೆ ಇರಬಾರದು ಅಂತಲೇ ನಿಯಮ. ಸಣ್ಣ ಅಪರಾಧದ ವಿಚಾರಣೆ ಸಂಕ್ಷಿಪ್ತ ರೀತಿಯಲ್ಲಿ ನಡೆಯುತ್ತದೆ. ಮೊದಲ ಹಾಜರಿಯಿಂದ 4 ತಿಂಗಳೊಳಗೆ ಮುಗಿಯಬೇಕು, ಕಾರಣ ಬರೆದು 2 ತಿಂಗಳು ಹೆಚ್ಚಿಸಿಕೊಳ್ಳಬಹುದು, ಆಮೇಲೂ ಮುಗಿಯದಿದ್ದರೆ ಸಣ್ಣ ಅಪರಾಧದ ಪ್ರಕರಣ ತಾನಾಗಿಯೇ ಕೊನೆಗೊಳ್ಳುತ್ತದೆ. ಹುಡುಗ ಮಾಡಿದ್ದು ಸಾಬೀತಾದರೂ 18ನೇ ಕಲಂ ಕೆಳಗೆ ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು, ಗುಂಪು ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಇಂಥವೇ ಮೊದಲ ಆಯ್ಕೆಗಳು.

ನಿವೃತ್ತ ಎಎಸ್‌ಐ, ದಾವಣಗೆರೆ

ವಕೀಲ ಸಾಹೇಬರು ಹೇಳಿದ್ದು ಸರಿ. ಠಾಣೆಯಲ್ಲಿ ಏನು ಓಡ್ತಿರುತ್ತೆ ಅನ್ನೋದನ್ನೂ ಹೇಳ್ತೀನಿ, ಇಲ್ಲದಿದ್ದರೆ ನೀವು ಹೋಗಿ ನಿಯಮ 8 ಅಂತ ವಾದ ಮಾಡಿ ವಾಪಸ್ ಬರ್ತೀರಿ.

ಎಫ್‌ಐಆರ್ ಹಾಕಬೇಕು ಅನ್ನೋ ಆತುರಕ್ಕೆ ಕಾರಣ ಬಹುತೇಕ ದೂರುದಾರ. ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ) ಸಿಗದಿದ್ದರೆ ‘ಆ ಕಡೆಯವರಿಂದ ದುಡ್ಡು ತಿಂದು ಮುಚ್ಚಿಹಾಕಿದ್ರು’ ಅಂತ ಎಸ್‌ಪಿ ಆಫೀಸಿಗೆ ಅರ್ಜಿ ಹೋಗುತ್ತೆ ಅನ್ನೋ ಅಂಜಿಕೆ. ಹಾಗಾಗಿ ಮೊದಲು ಸಮಾಧಾನ ಮಾಡಬೇಕಾದ್ದು ಆ ತಂದೆಯನ್ನು. ಅವರಿಗೆ ದೂರಿನ ಸ್ವೀಕೃತಿ, ಎಸ್‌ಎಚ್‌ಡಿ ನಮೂದಿನ ಸಂಖ್ಯೆ, ತಾರೀಖು, ಜೊತೆಗೆ ‘ಸದರಿ ವಿಷಯವನ್ನು ಬಾಲನ್ಯಾಯ ಮಂಡಳಿಗೆ ವರದಿ ಮಾಡಲಾಗುವುದು’ ಅಂತ ಒಂದು ಹಿಂಬರಹ ಕೊಡಿಸಿ. ಕೈಯಲ್ಲಿ ಮೊಹರು ಇರೋ ಕಾಗದ ಬಂದರೆ ಅವರ ಅರ್ಧ ಸಿಟ್ಟು ಇಳಿಯುತ್ತೆ. ಅವರ ಮಗನಿಗೆ ನೋವಾಗಿರೋದು ಸುಳ್ಳಲ್ಲ, ಅದನ್ನು ಯಾರಾದರೂ ಗಂಭೀರವಾಗಿ ತಗೊಂಡರು ಅಂತ ಅವರಿಗೆ ಅನ್ನಿಸಬೇಕು.

ಠಾಣೆಗೆ ಹೋದಾಗ ಇನ್ಸ್‌ಪೆಕ್ಟರನ್ನೋ ರೈಟರನ್ನೋ ಹುಡುಕಬೇಡಿ, ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಸಾರ್’ ಅಂತ ಕೇಳಿ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಮ್ಮಿ ಇಲ್ಲದ ಒಬ್ಬರು ಇರಲೇಬೇಕು, ಬಾಲನ್ಯಾಯ ಕಾಯ್ದೆ 107ನೇ ಕಲಂ. ಹುಡುಗನ ಜೊತೆ ಮಾತಾಡಬೇಕಾದ್ದು ಅವರು, ಯೂನಿಫಾರ್ಮ್ ಇಲ್ಲದೆ, ತಂದೆ ಅಥವಾ ತಾಯಿ ಎದುರಿಗೆ. ಶಾಲೆಗೇ ಬಂದು ಮಾತಾಡಿ ಅಂತ ವಿನಂತಿಸಿಕೊಳ್ಳಬಹುದು, ಆದರೆ ಜೀಪು ಗೇಟಿನೊಳಗೆ ತರಬೇಡಿ ಅಂತ ಮೊದಲೇ ಹೇಳಿ. ಜೀಪು ಬಂದ ದಿನವೇ ಆ ಹುಡುಗನಿಗೆ ಶಾಲೆಯಲ್ಲಿ ಅಡ್ಡಹೆಸರು ಬೀಳುತ್ತೆ.

ಘೋರ ಅಪರಾಧ ಅಲ್ಲದ ಕಡೆ ಹುಡುಗನನ್ನು ಹಿಡಿದುಕೊಂಡು ಹೋಗೋ ಅಗತ್ಯ ಸಾಮಾನ್ಯವಾಗಿ ಇರಲ್ಲ. ಯಾವತ್ತು ಮಂಡಳಿ ಮುಂದೆ ಬರಬೇಕು ಅಂತ ಪೋಷಕರಿಗೆ ತಿಳಿಸಿದರೆ ಸಾಕು. ಒಂದು ವೇಳೆ ವಶಕ್ಕೆ ತಗೊಂಡರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಗೆ ಹಾಜರುಪಡಿಸಬೇಕು. ಕಲಂ ಜಾಮೀನು ಸಿಗೋದೋ ಸಿಗದ್ದೋ ಅನ್ನೋ ಲೆಕ್ಕ ಮಕ್ಕಳಿಗಿಲ್ಲ, 12ನೇ ಕಲಂ ಪ್ರಕಾರ ಬಿಡೋದೇ ನಿಯಮ.

ತಪ್ಪಾಗೋದು ಇನ್ನೊಂದು ಕಡೆ. ಯಾವ ದಾಖಲೆಯನ್ನೂ ಮಾಡದೆ ‘ಬುದ್ಧಿ ಹೇಳಿ ಕಳಿಸ್ತೀವಿ’ ಅಂತ ಹುಡುಗರನ್ನು ಕರೆಸಿ ಸಂಜೆವರೆಗೆ ಠಾಣೆಯಲ್ಲಿ ನಿಲ್ಲಿಸಿಕೊಳ್ಳೋದು. ಎಸ್‌ಎಚ್‌ಡಿಯಲ್ಲಿ ನಮೂದಿಲ್ಲ ಅಂದ್ರೆ ಒಳಗೆ ಏನಾಯ್ತು ಅನ್ನೋದಕ್ಕೂ ಲೆಕ್ಕ ಇಲ್ಲ. ಹೆಡ್‌ಮಾಸ್ಟರೇ ಕೇಳ್ಕೊಂಡು ಹೀಗೆ ಮಾಡಿಸೋದೂ ಇದೆ, ಅದಂತೂ ಬೇಡ. ಮಕ್ಕಳಿಗೆ ಠಾಣೆ ತೋರಿಸಬೇಕು ಅಂದ್ರೆ ‘ತೆರೆದ ಮನೆ’ ಕಾರ್ಯಕ್ರಮಕ್ಕೆ ಇಡೀ ತರಗತಿಯನ್ನು ಕರ್ಕೊಂಡು ಹೋಗಿ.

ಇಷ್ಟಾದರೂ ಎಫ್‌ಐಆರ್ ಹಾಕಿದರೆ ಠಾಣೆಯಲ್ಲಿ ಜಗಳ ಆಡಬೇಡಿ. ಜಿಲ್ಲಾ ಮಟ್ಟದಲ್ಲಿ ಡಿವೈಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿಯ ಕೆಳಗೆ ವಿಶೇಷ ಮಕ್ಕಳ ಪೊಲೀಸ್ ಘಟಕ ಇರುತ್ತೆ. ಅವರಿಗೆ ಒಂದು ಅರ್ಜಿ, ಮಂಡಳಿಗೆ ಒಂದು ಪ್ರತಿ.

ಹರಿಹರದ ಮೇಷ್ಟ್ರು

ಎಲ್ಲರೂ ಹೊಡೆದ ಹುಡುಗನ ಪರವಾಗಿಯೇ ಬರೆಯುತ್ತಿದ್ದೀರಿ. ತರಗತಿಯಲ್ಲಿ 60 ಮಕ್ಕಳನ್ನು ಇಟ್ಟುಕೊಂಡು ನಿಂತವರ ಗತಿ? 2021ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರ ತಲೆಗೆ ಬಕೆಟ್ ಹಾಕಿದ ವಿಡಿಯೊ ರಾಜ್ಯವೆಲ್ಲ ನೋಡಿತು. ಹೊಡೆಯಬಾರದು, ಬೈಯಬಾರದು, ಹೊರಗೆ ನಿಲ್ಲಿಸಬಾರದು. ಪೊಲೀಸರಿಗೂ ಹೇಳಬಾರದು ಅಂದರೆ ಉಳಿದದ್ದೇನು? ವಾರಕ್ಕೊಮ್ಮೆ ಬೀಟ್ ಪೊಲೀಸರು ಶಾಲೆಗೆ ಬಂದು ಹೋಗಲಿ ಅನ್ನುವುದರಲ್ಲಿ ತಪ್ಪೇನಿದೆ?

ದುರ್ಗದ ವಕೀಲ

ಮೇಷ್ಟ್ರೇ, ನಿಮ್ಮ ನೋವು ನ್ಯಾಯವಾದದ್ದು. ಹಲ್ಲೆಗೊಳಗಾದ ಶಿಕ್ಷಕರು ದೂರು ಕೊಡಬಾರದು ಅಂತ ಯಾರೂ ಹೇಳುವಂತಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿ ಬಲಪ್ರಯೋಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132, ಗಾಯ ಮಾಡಿದರೆ 121. ಆ ದೂರೂ ಎಸ್‌ಎಚ್‌ಡಿ, ನಮೂನೆ 1, ಮಂಡಳಿ ಅನ್ನುವ ಇದೇ ದಾರಿಯಲ್ಲಿ ಹೋಗುತ್ತದೆ. ಶಿಕ್ಷಕರ ಮೇಲೆ ಇಲಾಖೆಯೋ ಊರವರೋ ‘ವಾಪಸ್ ತಗೊಳ್ಳಿ’ ಅಂತ ಒತ್ತಡ ತರುವುದು ತಪ್ಪು.

ಆ ವಿಡಿಯೊದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಗುವಿನ ಹೆಸರು, ಶಾಲೆ, ಚಿತ್ರ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ, 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಡಿಯೊ ಹರಿದಾಡಿದ ಮೇಲೆ ಪೆಟ್ಟು ತಿಂದ ಮೇಷ್ಟ್ರ ಮರ್ಯಾದೆಯೂ ಉಳಿಯುವುದಿಲ್ಲ, ಹುಡುಗರು ತಿದ್ದಿಕೊಳ್ಳುವ ದಾರಿಯೂ ಮುಚ್ಚುತ್ತದೆ.

ಬೀಟ್ ಪೊಲೀಸ್ ವಿಚಾರ. ಅಮೆರಿಕದ ಶಾಲೆಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. 1994ರ ಬಂದೂಕುಮುಕ್ತ ಶಾಲೆಗಳ ಕಾಯ್ದೆಯ ಮೂಲ ಗುರಿ ಶಾಲೆಗೆ ಬಂದೂಕು ತರುವವರು. ಅದೇ ಕಠಿಣ ಧೋರಣೆ ಕ್ರಮೇಣ ಕೈಕೈ ಮಿಲಾಯಿಸಿದವರಿಗೆ, ಎದುರು ಮಾತಾಡಿದವರಿಗೆ ಹಬ್ಬಿತು. ಸೌತ್ ಕ್ಯಾರೊಲಿನಾದಲ್ಲಿ ಶಾಲೆಗೆ ‘ತೊಂದರೆ’ ಕೊಡುವುದೇ ಅಪರಾಧವಾಗಿತ್ತು. ಮೊಬೈಲ್ ವಿಚಾರಕ್ಕೆ ಶುರುವಾದ ಗಲಾಟೆಯಲ್ಲಿ ಪೊಲೀಸ್ ಅಧಿಕಾರಿ ವಿದ್ಯಾರ್ಥಿನಿಯನ್ನು ಕುರ್ಚಿ ಸಮೇತ ಎಳೆದುಹಾಕಿದ್ದು 2015ರಲ್ಲಿ ದೇಶವೇ ನೋಡುವಂತಾಯಿತು. 2018ರಲ್ಲಿ ಆ ಕಾನೂನನ್ನು ಆಯಾ ಶಾಲೆಯ ವಿದ್ಯಾರ್ಥಿಗಳಿಗೆ ಅನ್ವಯಿಸದ ಹಾಗೆ ತಿದ್ದಿದರು. ಪೊಲೀಸರು ಕೆಟ್ಟವರು ಅಂತಲ್ಲ. ಕೈಗೆಟಕುವಲ್ಲಿ ಪೊಲೀಸರಿದ್ದರೆ ಶಿಕ್ಷಕರು ಬಗೆಹರಿಸಬೇಕಾದ್ದೂ ಅವರ ಕೈಗೇ ಹೋಗುತ್ತದೆ.

ಹೊಳಲ್ಕೆರೆ ಮೇಡಂ (ಮುಖ್ಯ ಶಿಕ್ಷಕಿ)

ಹರಿಹರದ ಸರ್ ಕೇಳಿದ ‘ಉಳಿದದ್ದೇನು’ ಅನ್ನುವುದಕ್ಕೆ ಉತ್ತರ ಕೊಡಬೇಕು. ಉಳಿದದ್ದು ಬಹಳ ಇದೆ, ಆದರೆ ಅದಕ್ಕೆ ಕ್ರಮ ಬೇಕು, ಎರಡು ಮೂರು ವಾರ ಬೆನ್ನು ಹತ್ತಬೇಕು. ಒಂದು ದಿನದಲ್ಲಿ ಮುಗಿಸಲು ಹೋದರೆ ಏನೂ ಆಗಲ್ಲ.

ಘಟನೆ ಆದ ದಿನ: ಗಾಯ ಮೊದಲು. ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ, ಜೊತೆಗೆ ಒಬ್ಬ ಶಿಕ್ಷಕರು. ಕೈವಾರದಂಥ ಲೋಹದ ಗಾಯಕ್ಕೆ ಟಿಟಿ ಚುಚ್ಚುಮದ್ದು ಬೇಕೇ ಅಂತ ಕೇಳಿ ತಿಳಿದುಕೊಳ್ಳಬೇಕು. ಎಂಎಲ್‌ಸಿ ಬೇಡ ಅಂತ ವೈದ್ಯರನ್ನು ಒತ್ತಾಯಿಸಬಾರದು, ‘ಬಿದ್ದು ಗಾಯ’ ಅಂತ ಸುಳ್ಳು ಹೇಳಿಸಲೇಬಾರದು. ಆ ಸುಳ್ಳು ನಾಳೆ ಹೊರಬಿದ್ದರೆ ಗಾಯವಾದ ಮನೆಯವರು ಶಾಲೆಯನ್ನು ಮತ್ತೆ ನಂಬುವುದಿಲ್ಲ, ಅವರು ಠಾಣೆಗೆ ಹೋಗುವುದು ಅಂಥ ಹೊತ್ತಿನಲ್ಲೇ. ಎರಡೂ ಮನೆಗೆ ಹೆಡ್‌ಮಾಸ್ಟರೇ ಫೋನ್ ಮಾಡಬೇಕು, ಮಕ್ಕಳ ಬಾಯಿಂದ ಸುದ್ದಿ ಹೋಗಬಾರದು.

ತಪ್ಪೊಪ್ಪಿಗೆ ಪತ್ರದ ಬದಲು ಒಂದು ಘಟನಾ ಪುಸ್ತಕ ಇಡಿ. ಪುಟ ಸಂಖ್ಯೆ ಹಾಕಿದ ಸಾಧಾರಣ ನೂರು ಪುಟದ ನೋಟ್‌ಬುಕ್ ಸಾಕು. ಬರೆಯುವುದು ಶಿಕ್ಷಕರು, ಮಗು ಅಲ್ಲ. ಎಷ್ಟು ಗಂಟೆಗೆ, ಎಲ್ಲಿ, ಯಾರು ಕಂಡರು, ಮೊದಲು ಏನಾಯಿತು, ಶಾಲೆ ತಕ್ಷಣ ಏನು ಮಾಡಿತು. ಇಬ್ಬರು ಹುಡುಗರನ್ನೂ ಬೇರೆ ಬೇರೆ ಕೂರಿಸಿ, ಇಬ್ಬರು ಶಿಕ್ಷಕರ ಎದುರು ‘ಏನಾಯ್ತು ಹೇಳಪ್ಪ’ ಅಂತಷ್ಟೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಯಾಕೆ ಹೊಡೆದೆ’ ಅಂತ ಶುರು ಮಾಡಿದರೆ ಹುಡುಗ ಬಾಯಿ ಮುಚ್ಚುತ್ತಾನೆ ಇಲ್ಲ ಸುಳ್ಳು ಹೇಳುತ್ತಾನೆ. ‘ಅವನು ನನ್ನ ತಟ್ಟೆ ಒದ್ದ, ಮೂರು ದಿನದಿಂದ ಅದನ್ನೇ ಮಾಡ್ತಿದ್ದ’ ಅನ್ನುವಂಥ ಮಾತು ಬಂದರೆ ಅದನ್ನು ದಾಟಿ ಹೋಗಬೇಡಿ. ಕೈವಾರ ಹೊರಬಂದ ಕಾರಣ ಅಲ್ಲಿರುತ್ತದೆ.

3 ಶಾಲಾ ದಿನದೊಳಗೆ ಒಂದು ಕೂಟ ಸೇರಿಸಿ: ಇಬ್ಬರು ಹುಡುಗರು, ಎರಡೂ ಮನೆಯಿಂದ ಒಬ್ಬೊಬ್ಬರು, ತರಗತಿ ಶಿಕ್ಷಕರು, ಎಸ್‌ಡಿಎಂಸಿಯಿಂದ ಒಬ್ಬರು. ಅಷ್ಟೇ. ಊರ ಮುಖಂಡರನ್ನು ಕರೆದರೆ ಅದು ಪಂಚಾಯಿತಿ ಆಗಿ ಮನೆ ಮನೆಯ ಹಳೇ ವೈಷಮ್ಯ ಹೊರಬರುತ್ತದೆ. ಮೊದಲು ಗಾಯವಾದ ಹುಡುಗ ಮಾತಾಡಲಿ, ನಡುವೆ ಯಾರೂ ಬಾಯಿ ಹಾಕಬಾರದು. ಕೊನೆಗೆ ಒಪ್ಪಂದ ಅಳೆಯುವ ಹಾಗಿರಬೇಕು. ‘ಇನ್ನು ಮುಂದೆ ಚೆನ್ನಾಗಿರುತ್ತೇವೆ’ ಅನ್ನುವುದನ್ನು ಪರೀಕ್ಷಿಸುವುದು ಹೇಗೆ? ಔಷಧಿ, ಬಸ್ ಚಾರ್ಜಿನ ಖರ್ಚು ಎಷ್ಟು, ಯಾವ ದಿನದೊಳಗೆ ಕೊಡುವುದು. ಕೈ ವಾಸಿಯಾಗುವವರೆಗೆ ಗಾಯವಾದವನ ನೋಟ್ಸ್ ಬರೆದುಕೊಡುವವರು ಯಾರು. ಇಬ್ಬರೂ ಯಾವ ಬೆಂಚಿನಲ್ಲಿ ಕೂರುತ್ತಾರೆ, ಊಟದ ಸಾಲಿನಲ್ಲಿ ಯಾರು ಮೊದಲು. 2 ವಾರಕ್ಕೆ, 4 ವಾರಕ್ಕೆ ಮತ್ತೆ ಕೂತು ಅದೇ ಪುಸ್ತಕದಲ್ಲಿ ಟಿಪ್ಪಣಿ.

ಕೂಟಕ್ಕೆ ಗಾಯವಾದ ಮನೆಯವರು ಬರಲ್ಲ ಅಂದರೆ ಬಲವಂತ ಬೇಡ, ದೂರು ವಾಪಸ್ ಪಡೆಯಬೇಕು ಅನ್ನುವ ಷರತ್ತಂತೂ ಇಡಲೇಬೇಡಿ. ದೂರು ಅದರ ದಾರಿ ಹಿಡಿಯಲಿ, ಶಾಲೆ ತನ್ನ ಕೆಲಸ ಮಾಡಲಿ. ಜಗಳದಲ್ಲಿ ಜಾತಿ ಹಿಡಿದು ಬೈದದ್ದಿದ್ದರೆ ಈ ಕೂಟದ ದಾರಿಯೇ ಬೇಡ. ಅದನ್ನು ‘ಹುಡುಗರ ಜಗಳ’ ಅಂತ ರಾಜಿ ಮಾಡಿಸುವ ಹಕ್ಕು ಶಾಲೆಗಿಲ್ಲ, ದೂರು ಕೊಡುವುದು ಬಿಡುವುದು ಆ ಮನೆಯವರ ನಿರ್ಧಾರ.

ಪ್ರಾರ್ಥನೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಿಸುವುದು, ಗೇಟಿನ ಹೊರಗೆ ನಿಲ್ಲಿಸುವುದು, ಪೋಷಕರು ಬರುವವರೆಗೆ ವಾರಗಟ್ಟಲೆ ತರಗತಿಗೆ ಸೇರಿಸದಿರುವುದು ಬೇಡ. ಇಂದು 9ನೇ ತರಗತಿ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅಲ್ಲಿ 75% ಹಾಜರಾತಿ ಬೇಕು. ಹೊರಗೆ ನಿಂತು ಅಭ್ಯಾಸವಾದ ಹುಡುಗ ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಹೊರಟರೆ ಆಮೇಲೆ ಮನೆಗೆ ಹೋಗಿ ಕರೆತರುವುದು ನಾವೇ.

ಇನ್ನೊಂದು, ಜಗಳ ಆದ ಜಾಗ ನೋಡಿ. ಬಿಸಿಯೂಟದ ಸಾಲು, ಶೌಚಾಲಯದ ಹಿಂಭಾಗ, ಕೊನೆಯ ಪಿರಿಯಡ್ಡಿನ ಆಟದ ಬಯಲು, ಬಸ್ ನಿಲ್ಲುವ ಕಡೆ. ತರಗತಿವಾರು 5 ನಿಮಿಷದ ಅಂತರದಲ್ಲಿ ಊಟಕ್ಕೆ ಬಿಟ್ಟು, ಸಾಲಿನ ತುದಿಯಲ್ಲಿ ಒಬ್ಬರು ಶಿಕ್ಷಕರು ನಿಂತರೆ ನೂಕಾಟ ಕಮ್ಮಿಯಾಗುತ್ತದೆ. ಜ್ಯಾಮಿಟ್ರಿ ಬಾಕ್ಸ್ ಊಟದ ಹೊತ್ತಿಗೆ ಬ್ಯಾಗಿನಲ್ಲಿ, ಬ್ಯಾಗು ತರಗತಿಯಲ್ಲಿ.

ಚಳ್ಳಕೆರೆ ಆಪ್ತ ಸಮಾಲೋಚಕಿ

ಮೇಡಂ ಹೇಳಿದ ಕ್ರಮ ಹೊಡೆದಾಟಕ್ಕೆ ಸರಿ, ಎಲ್ಲದಕ್ಕೂ ಅಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಶಾಲೆಯಲ್ಲಿ ಕೂರಿಸಿ ಮಾತಾಡಿಸುವಂತಿಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಂ ಕೆಳಗೆ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಮಾಡಿದವನೂ 18ರೊಳಗಿನವನೇ ಆದರೆ ಅವನ ಪ್ರಕರಣ ಬಾಲನ್ಯಾಯ ಕಾಯ್ದೆಯ ಪ್ರಕಾರವೇ ನಡೆಯುತ್ತದೆ, ಆದರೆ ತಿಳಿಸುವ ಹೊಣೆ ತಪ್ಪದು.

ಮೊಬೈಲ್ ವಿಡಿಯೊ ಸಿಕ್ಕಾಗ ಶಾಲೆಗಳು ಮಾಡುವ ದೊಡ್ಡ ತಪ್ಪು: ‘ನೋಡಿ ಮೇಡಂ ಹೀಗಿದೆ’ ಅಂತ ಸಿಬ್ಬಂದಿ ಗುಂಪಿಗೆ ಹಾಕುವುದು. ಮಗುವಿನ ಅಶ್ಲೀಲ ಚಿತ್ರವನ್ನು ಯಾರು ಕಳಿಸಿದರೂ ಐಟಿ ಕಾಯ್ದೆಯ 67ಬಿ, ಮೊದಲ ಸಲಕ್ಕೇ 5 ವರ್ಷದವರೆಗೆ. ಮೊಬೈಲ್ ಆಫ್ ಮಾಡಿ ಲಕೋಟೆಗೆ ಹಾಕಿ, ಅಂಟಿನ ಮೇಲೆ ಪೋಷಕರ ಮತ್ತು ಹೆಡ್‌ಮಾಸ್ಟರ ಸಹಿ ಹಾಕಿಸಿ ಪೊಲೀಸರಿಗೆ ಒಪ್ಪಿಸಿ. ಒಳಗೆ ಏನಿದೆ ಅಂತ ಹುಡುಕುತ್ತಾ ಕೂರಬೇಡಿ.

ಬ್ಯಾಗಿನಲ್ಲಿ ಗುಟ್ಕಾ, ಬೀಡಿ ಸಿಕ್ಕರೆ ದೂರು ಅಂಗಡಿಯವನ ಮೇಲೆ. ಮಗುವಿಗೆ ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆ 77ನೇ ಕಲಂನಲ್ಲಿ 7 ವರ್ಷದವರೆಗೆ ಕಠಿಣ ಸೆರೆ, 1 ಲಕ್ಷದವರೆಗೆ ದಂಡ. ಶಾಲೆಯ 100 ಗಜದೊಳಗೆ ತಂಬಾಕು ಮಾರುವುದೇ ನಿಷೇಧ. ಇಷ್ಟು ಗಟ್ಟಿ ಕಲಂ ಕೈಯಲ್ಲಿದ್ದರೂ ಶಾಲೆಗಳು ಮಗುವಿನ ಬೆನ್ನು ಬೀಳುವುದು ನೋಡಿದರೆ ಬೇಸರವಾಗುತ್ತದೆ.

ಜಗಳೂರು ಎಸ್‌ಡಿಎಂಸಿ

ಎಲ್ಲರಿಗೂ ಧನ್ಯವಾದ. ಹೆಡ್‌ಮಾಸ್ಟರು ಪೂರ್ತಿ ಓದಿದರು. ಟಿಸಿ ಮಾತು ನಿಂತಿದೆ, ಶಾಲೆಯಿಂದ ದೂರು ಬೇಡ ಅಂತಾಯ್ತು. ಎರಡು ಪ್ರಶ್ನೆ ಉಳಿದಿವೆ. ಠಾಣೆಗೆ ಶಾಲೆಯಿಂದ ಏನಾದರೂ ಬರೆದುಕೊಡಬೇಕಾ? ಮಂಡಳಿ ದಿನ ಪರೀಕ್ಷೆ ಬಂದರೆ? ತಾಯಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲ.

ದುರ್ಗದ ವಕೀಲ

ಬರೆದುಕೊಡಿ, ಅದು ಮುಖ್ಯ. ನಮೂನೆ 1ರಲ್ಲಿ ಹುಡುಗನ ಓದು, ಗೆಳೆಯರು, ಅಭ್ಯಾಸಗಳು, ಹಿಂದೆ ಯಾವುದಾದರೂ ಪ್ರಕರಣ ಇದೆಯೇ, ಅವನೇ ದೌರ್ಜನ್ಯಕ್ಕೆ ಒಳಗಾಗಿದ್ದನೇ ಅಂತೆಲ್ಲ ಕೇಳಿರುತ್ತದೆ. ಠಾಣೆಯವರಿಗೆ ಇದು ಗೊತ್ತಿರುವುದಿಲ್ಲ, ‘ಇಲ್ಲ’, ‘ತಿಳಿದುಬಂದಿಲ್ಲ’ ಅಂತ ತುಂಬಿಬಿಡುತ್ತಾರೆ. ಹೆಡ್‌ಮಾಸ್ಟರು ಶಾಲೆಯ ಪತ್ರದಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಬರೆಯಲಿ, ಒಂದು ಪುಟ ಸಾಕು. ಒಕ್ಕಣೆ ಹೀಗಿರಲಿ:

‘ಸದರಿ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ 9ನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿದ್ದು, ಶಾಲಾ ದಾಖಲೆಯಂತೆ ಜನ್ಮ ದಿನಾಂಕ ___. ಈ ಸಾಲಿನ ಹಾಜರಾತಿ ಶೇ ___. ಈ ಹಿಂದೆ ಶಾಲೆಯಲ್ಲಿ ಈತನ ವಿರುದ್ಧ ಇಂತಹ ಘಟನೆ ದಾಖಲಾಗಿರುವುದಿಲ್ಲ. ಘಟನೆ ಸಂಬಂಧ ಶಾಲೆಯು ಎರಡೂ ಕಡೆಯ ಪೋಷಕರೊಂದಿಗೆ ದಿನಾಂಕ ___ರಂದು ಸಭೆ ನಡೆಸಿದ್ದು, ವಿದ್ಯಾರ್ಥಿಯು ತರಗತಿಗೆ ಹಾಜರಾಗುತ್ತಿದ್ದಾನೆ. ಬಾಲನ್ಯಾಯ ಮಾದರಿ ನಿಯಮಗಳು 2016, ನಿಯಮ 8ರಂತೆ ಕ್ರಮ ಕೈಗೊಳ್ಳಲು ಹಾಗೂ ವಿದ್ಯಾರ್ಥಿಯ ಗುರುತನ್ನು ಗೋಪ್ಯವಾಗಿಡಲು ಕೋರಿದೆ.’

ನಿಜವಿದ್ದಷ್ಟನ್ನೇ ಬರೆಯಿರಿ. ಹಿಂದೆ ಏನಾದರೂ ಆಗಿದ್ದರೆ ‘ದಾಖಲಾಗಿರುವುದಿಲ್ಲ’ ಅನ್ನುವ ಸಾಲು ತೆಗೆಯಿರಿ. ಸಹಿ, ಮೊಹರು ಹಾಕಿ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಪಡೆಯಿರಿ. ವಯಸ್ಸಿಗೆ ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಲಗತ್ತಿಸಿ. ಬರೀ ಆಧಾರ್ ಕೊಟ್ಟು ಸುಮ್ಮನಾಗಬೇಡಿ, ಬಾಲನ್ಯಾಯ ಕಾಯ್ದೆಯ 94ನೇ ಕಲಂ ಹೇಳುವ ದಾಖಲೆಗಳಲ್ಲಿ ಅದು ಇಲ್ಲ.

ವಕೀಲರ ಖರ್ಚು ಬೇಡ. ಮಕ್ಕಳಿಗೆ ಉಚಿತ ಕಾನೂನು ನೆರವು ಕಾನೂನಿನಲ್ಲೇ ಇದೆ, ಆದಾಯ ಮಿತಿ ನೋಡುವುದಿಲ್ಲ. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಾಯಿ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ಪರೀಕ್ಷೆ ಇದ್ದ ದಿನ ಹಾಜರಿ ಬಂದರೆ, ವೇಳಾಪಟ್ಟಿಯ ಪ್ರತಿಗೆ ಹೆಡ್‌ಮಾಸ್ಟರ ಸಹಿ ಹಾಕಿಸಿ ಮೊದಲೇ ಆ ವಕೀಲರ ಕೈಗೆ ಕೊಡಿ, ಬೇರೆ ದಿನಾಂಕ ಕೇಳುತ್ತಾರೆ. ಹೇಳದೆ ಕೇಳದೆ ಗೈರಾಗುವುದು ಮಾತ್ರ ಬೇಡ. ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ, ಆ ದಿನದ ಬಸ್ ಚಾರ್ಜನ್ನಾದರೂ ಎಸ್‌ಡಿಎಂಸಿಯವರು ನೋಡಿಕೊಳ್ಳಿ. ಹೆಡ್‌ಮಾಸ್ಟರೋ ತರಗತಿ ಶಿಕ್ಷಕರೋ ಮೊದಲ ದಿನ ಜೊತೆಗೆ ಹೋಗಲಿ. ಘಟನಾ ಪುಸ್ತಕದ ಆ ಪುಟಗಳ ನಕಲು, 2 ವಾರದ ಟಿಪ್ಪಣಿ ಸಮೇತ, ಕೈಯಲ್ಲಿರಲಿ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಸಾಮಾಜಿಕ ತನಿಖಾ ವರದಿ ಬರೆಯುವಾಗ ಅದನ್ನು ಕೇಳುತ್ತಾರೆ.